ಅಪ್ಪನ ಮುದ್ದಿನ ವೈಡ್ ರಿಸೀವರ್

ನನಗಿಂತ ಒಂದಡಿ ಎತ್ತರದ, ನಾನು ಏಳು ಜನ್ಮ ದುಡಿದರೂ ಕಾಣದಷ್ಟು ಸಂಬಳದ ಒಬ್ಬ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು. ಎತ್ತರಕ್ಕಲ್ಲ, ಸಂಬಳಕ್ಕೂ ಅಲ್ಲ. ನಮ್ಮಪ್ಪ ಟಿವಿಯಲ್ಲಿ ಅವನನ್ನು ನೋಡಿ "ಪಾಪ" ಅನ್ನುತ್ತಾರಲ್ಲ, ಆ ಎರಡಕ್ಷರಕ್ಕೆ.

ಅವನು ಈ ಕಡೆಯ ವೃತ್ತಿಪರ ಫುಟ್‌ಬಾಲ್ ತಂಡದ ವೈಡ್ ರಿಸೀವರ್. ಈ ಅಮೆರಿಕನ್ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು. ಒಬ್ಬ ಚೆಂಡು ಎಸೆಯುತ್ತಾನೆ. ಈತ ದೂರ ಓಡಿಹೋಗಿ, ಬೆನ್ನಟ್ಟಿ ಬರುವ ಎದುರಾಳಿಗಳ ನಡುವೆ ಅದನ್ನು ಹಿಡಿಯಬೇಕು. ಈ ಕೆಲಸವನ್ನು ಮಹಾಶಯ ಒಂದು ಭಾನುವಾರ ದೇವರಂತೆ ಮಾಡುತ್ತಾನೆ, ಮುಂದಿನ ಭಾನುವಾರ ನನ್ನಂತೆ ಮಾಡುತ್ತಾನೆ. ಗಾಳಿಯಲ್ಲಿ ಅಡ್ಡ ಮಲಗಿ, ಕೊಂಬೆಯಿಂದ ಸೀಬೆಹಣ್ಣು ಕಿತ್ತ ಹಾಗೆ ಒಂದೇ ಕೈಯಲ್ಲಿ ಚೆಂಡು ಕೀಳುತ್ತಾನೆ. ವಾರ ಕಳೆದರೆ, ಸುತ್ತ ಒಂದು ನರಪಿಳ್ಳೆಯೂ ಇಲ್ಲದಾಗ, ನೇರ ಎದೆಗೆ ಬಂದ ಚೆಂಡನ್ನು ಒಲೆಯ ಮೇಲಿನ ಪಾತ್ರೆ ಮುಟ್ಟಿದವನಂತೆ ಬಿಟ್ಟುಬಿಡುತ್ತಾನೆ.

ಬಿಟ್ಟಾಗಲೆಲ್ಲ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಮನೆಯ ಸೋಫಾದಿಂದ ಕ್ಷಮಾದಾನ ಹೊರಡುತ್ತದೆ. "ಪಾಪ, ಬಿಸಿಲು ಕಣ್ಣಿಗೆ ಹೊಡೀತು." ಮೋಡ ಕವಿದಿದ್ದರೆ, "ಪಾಪ, ಚಳಿಗೆ ಕೈ ಮರಗಟ್ಟಿರತ್ತೆ." ಛಾವಣಿ ಹಾಕಿದ ಬೆಚ್ಚನೆಯ ಕ್ರೀಡಾಂಗಣದಲ್ಲಿ ಬಿಟ್ಟರೆ, "ಪಾಪ, ಮನೇಲಿ ಏನು ಟೆನ್ಷನ್ನೋ."

ಬಿಡುವುದರಲ್ಲಿ ನಾನೇನೂ ಅವನಿಗೆ ಕಡಿಮೆಯವನಲ್ಲ. ಮೊದಲನೇ ಡ್ರೈವಿಂಗ್ ಟೆಸ್ಟಿನಲ್ಲಿ, ಪರೀಕ್ಷಕರು ಸೀಟ್ ಬೆಲ್ಟ್ ಹಾಕಿಕೊಳ್ಳುವ ಮುಂಚೆಯೇ ಹಿಂದಿದ್ದ ಕಸದ ಡಬ್ಬವನ್ನು ಮಲಗಿಸಿ ಫೇಲಾದವನು ನಾನು. ಯುಗಾದಿಗೆ ಕನ್ನಡ ಸಂಘಕ್ಕೆಂದು ಅಮ್ಮ ಮಾಡಿಕೊಟ್ಟ ಹೋಳಿಗೆಯ ದೊಡ್ಡ ಡಬ್ಬಿಯನ್ನು ಕಾರಿನ ನೆತ್ತಿಯ ಮೇಲಿಟ್ಟು, ಮರೆತು, ಹೊರಟುಬಿಟ್ಟವನೂ ನಾನೇ. ನಮ್ಮ ರಸ್ತೆಯ ಅಳಿಲುಗಳು ಆ ವರ್ಷ ಚೈತ್ರದ ತುಂಬ ಮೈ ಕೊಬ್ಬಿ ಮರ ಹತ್ತಲಾರದೆ ಓಡಾಡಿದವು. ಎರಡಕ್ಕೂ ಅಪ್ಪನ ತೀರ್ಪು ಒಂದೇ: ನನಗೆ ಗಮನ ಇಲ್ಲ. ಬಿಸಿಲಿನ ಸುದ್ದಿಯೇ ಇಲ್ಲ. ಅವನೂ ನನ್ನ ಹಾಗೇ ಅಲ್ಲವಾ ಎಂದು ಒಮ್ಮೆ ವಾದಿಸಿದೆ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು:

"ಅವನನ್ನ ಇಬ್ಬರು ಅಟ್ಟಿಸ್ಕೊಂಡು ಬರ್ತಿದ್ರು ಕಣೋ. ನಿನ್ನನ್ನ ಯಾರು ಅಟ್ಟಿಸ್ಕೊಂಡು ಬಂದಿದ್ರು?"

ಅಮ್ಮನ ಪ್ರಕಾರ ಅಪ್ಪನದು ಪ್ರೀತಿಯೇ. ಸ್ವಂತ ಮಕ್ಕಳ ಬಗ್ಗೆ ಒಳ್ಳೆಯ ಮಾತಾಡಿದರೆ ದೃಷ್ಟಿಯಾಗುತ್ತದೆ ಎಂದು ಮೈಸೂರಿನ ಅಜ್ಜಿ ಅವರಿಗೆ ಕಲಿಸಿದ್ದರಂತೆ. ನನ್ನ ಸಾಧನೆಗಳಿಗೆ ದೃಷ್ಟಿ ತಾಗಬೇಕಾದರೆ ಆ ದೃಷ್ಟಿ ಭೂತಕನ್ನಡಿ ಹಿಡಿದು ಬರಬೇಕಾದೀತು ಎಂದೆ. ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸಕ್ಕೆ ಮ್ಯಾನ್‌ಹಟನ್ನಿಗೆ ಹೋಗಿಬರುವ ನಾನು ಸೇತುವೆಯ ಈಚೆ ದಡದ ಫೋರ್ಟ್ ಲೀಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಆದರೂ ಆಟದ ಭಾನುವಾರಗಳಲ್ಲಿ ಟರ್ನ್‌ಪೈಕ್ ಹೆದ್ದಾರಿ ಹಿಡಿದು ಬಂದು ಅಪ್ಪನ ಪಕ್ಕ ಕೂರುತ್ತಿದ್ದೆ. ಆ "ಪಾಪ" ಒಮ್ಮೆಯಾದರೂ ದಾರಿ ತಪ್ಪಿ ನನ್ನ ಮೇಲೆ ಬೀಳಲಿ ಎಂಬ ಆಸೆ. ಜಾಹೀರಾತು ಬಂದಾಗಲೆಲ್ಲ ನನ್ನ ಕಷ್ಟಗಳನ್ನು ಒಂದೊಂದಾಗಿ ಮುಂದಿಡುತ್ತಿದ್ದೆ. ಬಾಸ್ ಬೈದದ್ದು, ನೆಗಡಿಯಾದದ್ದು, ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡದ್ದು. ಬೇಗ ಹೊರಡಬೇಕಿತ್ತು ಎನ್ನುತ್ತಿದ್ದರು ಅಪ್ಪ. ನೆಗಡಿಗೂ ಅದೇ ಉತ್ತರ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ, ಓಲ್ಡ್ ಬ್ರಿಡ್ಜ್ ಎಂಬ ಹತ್ತಿರದ ಊರಿನ ಒಂದು ಕಾರಿನ ಅಂಗಡಿಗೆ ಅವನು ಹಸ್ತಾಕ್ಷರ ಹಾಕಲು ಬರುತ್ತಾನೆಂದು ಅಪ್ಪನಿಗೆ ಗೊತ್ತಾಯಿತು. ನನ್ನ ಗ್ರ್ಯಾಜುಯೇಷನ್ನಿಗೂ ಇಸ್ತ್ರಿ ಕಾಣದ ಅವರ ನೀಲಿ ಶರ್ಟು ಅಂದು ಇಸ್ತ್ರಿ ಕಂಡಿತು. ಕರಿದದ್ದು ತಿನ್ನಬೇಡ ಎಂದು ನನ್ನ ಕೈಯಿಂದ ಕಸಿಯುವ ಅಮ್ಮ, ಅವನಿಗೆಂದು ಒಂದು ಚೀಲ ಕೋಡುಬಳೆ ಕಟ್ಟಿಕೊಟ್ಟರು. ಸಾರಥಿ ನಾನು.

ಮೇಜಿನ ಹಿಂದೆ ಅವನು ಕೂತಿದ್ದ. ಪಕ್ಕದಲ್ಲಿ ಅದೇ ಮೂಗಿನ, ಅದೇ ಭುಜದ, ತಲೆ ನರೆತ ಒಬ್ಬರು ಕೈಕಟ್ಟಿ ನಿಂತಿದ್ದರು. ಅವನ ತಂದೆ. ನಮ್ಮ ಸರದಿ ಬಂದಾಗ ಅಪ್ಪ ಕೋಡುಬಳೆ ಒಪ್ಪಿಸಿ, ಆಫೀಸಿನ ಪ್ರೆಸೆಂಟೇಷನ್ನಿಗೆ ಬಳಸುವ ಇಂಗ್ಲಿಷಿನಲ್ಲಿ, ಸೀಸನ್ನಿನ ಕೊನೆಯ ಆಟದಲ್ಲಿ ಅವನು ಬಿಟ್ಟ ಚೆಂಡಿಗೆ ಗಾಳಿಯೇ ಕಾರಣ ಎಂದು ವಿವರಿಸಿದರು. ಅವನು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ಮಗುವಿನ ಹಾಗೆ ನಕ್ಕ. ಅಷ್ಟರಲ್ಲಿ ಅವನ ತಂದೆ ಬಾಯಿ ಹಾಕಿದರು. ಗಾಳಿಯೂ ಅಲ್ಲ ಏನೂ ಅಲ್ಲ, ಚೆಂಡು ಕೈಗೆ ಬರುವ ಮೊದಲೇ ಇವನ ಕಣ್ಣು ಬೇರೆ ಕಡೆ ಹೋಗುತ್ತದೆ, ಚಿಕ್ಕಂದಿನಿಂದ ಹೇಳುತ್ತಿದ್ದೇನೆ, ಇವನು ಕೇಳುವುದಿಲ್ಲ ಎಂದರು. ಅವನು ತಲೆ ತಗ್ಗಿಸಿ, ಮೇಜಿನ ಮೇಲೆ ಬಿದ್ದ ಕೋಡುಬಳೆಯ ಚೂರನ್ನು ಬೆರಳಿನಿಂದ ಒತ್ತತೊಡಗಿದ. ಹೋಳಿಗೆ ಕಳೆದ ದಿನ ನಾನು ಡೈನಿಂಗ್ ಟೇಬಲ್ಲಿನ ಮುಂದೆ ಕೂತದ್ದೂ ಹೀಗೆಯೇ.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ, ಬಂದವರಿಗೆ ಅವನೇ ಒಂದೊಂದು ಚೆಂಡು ಎಸೆಯುವ ಏರ್ಪಾಡಿತ್ತು. ಸಾಲಿನಲ್ಲಿದ್ದವರೆಲ್ಲ ಹಾಲುಹಲ್ಲಿನ ಮಕ್ಕಳು. ಅಪ್ಪ ನನ್ನನ್ನೂ ಅದರಲ್ಲಿ ನಿಲ್ಲಿಸಿದರು. ನನ್ನ ಸರದಿಗೆ ನಾನು ಚಿರತೆಯಂತೆ ಓಡಿದೆ. ನೋಡಿದವರು ಬಾತುಕೋಳಿ ಎಂದಿರಬಹುದು. ಚೆಂಡು ಹೂವಿನಂತೆ ತೇಲಿ ಬಂತು. ನಾನು ಕಣ್ಣು ಮುಚ್ಚಿದೆ. ಅದು ಎದೆಗೆ ಬಡಿದು ಹೋದ ಮೇಲೆ ನನ್ನ ಎರಡು ಕೈಗಳೂ ಬಂದು ಚಪ್ಪಾಳೆ ತಟ್ಟಿದವು. ಹಿಂದೆ ಸರಿದವನು ಐಸ್ ತುಂಬಿ ಜ್ಯೂಸ್ ಬಾಟಲಿ ಇಟ್ಟಿದ್ದ ತೊಟ್ಟಿಯಲ್ಲಿ ಕೂತುಬಿಟ್ಟೆ. ಮಕ್ಕಳು ಕುಣಿದಾಡಿದರು.

ಎಲ್ಲರಿಗಿಂತ ಮೊದಲು ಓಡಿಬಂದವರು ಅವನ ತಂದೆ. ನನ್ನನ್ನು ಎತ್ತಿ ನಿಲ್ಲಿಸಿ, ಪರವಾಗಿಲ್ಲ ಮಗನೇ, ಇಲ್ಲಿ ನೆಲವೇ ಇಳಿಜಾರು ಎಂದು ನನ್ನ ಒದ್ದೆ ಬೆನ್ನು ಸವರಿದರು. ಆಮೇಲೆ ತಿರುಗಿ, ಹೊಸಬರಿಗೆ ಹೀಗಾ ಎಸೆಯುವುದು ಎಂದು ತಮ್ಮ ಮಗನನ್ನು ಗದರಿದರು. ಅತ್ತ ನಮ್ಮಪ್ಪ ಅವನ ಬಳಿ ನಿಂತು, ನಿನ್ನ ಎಸೆತ ಬಹಳ ಚೆನ್ನಾಗಿತ್ತು, ನನ್ನ ಮಗನಿಗೇ ಗಮನ ಇಲ್ಲ ಎಂದು ಸಮಾಧಾನ ಹೇಳುತ್ತಿದ್ದರು. ನಾನು ಅಪ್ಪನ ಕೈ ಇದ್ದ ಅವನ ತೋಳನ್ನು ನೋಡಿದೆ. ಅವನು ತನ್ನ ತಂದೆಯ ಕೈ ಇದ್ದ ನನ್ನ ಬೆನ್ನನ್ನು ನೋಡುತ್ತಿದ್ದ. ಆ ನೋಟಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಹಿಂದಿರುಗುವ ದಾರಿ. ಸೀಟು ಒದ್ದೆಯಾಗದಿರಲೆಂದು ನಾನು ಕಾರಿನ ಅಂಗಡಿಯ ಜಾಹೀರಾತು ಹಾಳೆಗಳ ಮೇಲೆ ಕೂತು ಡ್ರೈವ್ ಮಾಡುತ್ತಿದ್ದೆ.

"ಎಂಥಾ ತಂದೆನಪ್ಪ ಅವರು," ಎಂದರು ಅಪ್ಪ. "ಅಷ್ಟು ದೊಡ್ಡ ಹುಡುಗನಿಗೆ ಎಲ್ಲರ ಎದುರಿಗೆ ಹಾಗನ್ನಬಾರದು."

ನಾನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದೆ. ನನ್ನ ಜೀವನದಲ್ಲಿ ನಾನು ಬಿಗಿಯಾಗಿ ಹಿಡಿದದ್ದು ಬಹುಶಃ ಅದೊಂದೇ. ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಅಪ್ಪ ಕಿಟಕಿಯ ಕಡೆ ತಿರುಗಿದರು.

"ನೀನು ಓಡಿದ್ದು ಸರಿಯಾಗೇ ಇತ್ತು. ಬಾಲೇ ಸ್ವಲ್ಪ ಹಿಂದೆ ಬಂತು."

ಬಾಲು ನೇರ ನನ್ನ ಎದೆಗೆ ಬಂದಿತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಏಸಿ ಸದ್ದಿಗೆ ಕೇಳಿಸಲಿಲ್ಲ, ಏನಂದ್ರಿ ಎಂದು ಕೇಳಿದೆ. ಅವರು ಇನ್ನೊಂದು ಸಲ ಹೇಳಿದರು. ನಾನು ಏಸಿ ಆರಿಸಿ, ಮತ್ತೆ ಕೇಳಿದೆ.