ಕಿಟಕಿಯಿಂದ ಬಂದ ಹಗ್ಗ

‘ನಗರಸಭೆ ಮಂಚ ಕೊಟ್ಟರೂ ಮನೆಯಿಲ್ಲದವರಿಗೆ ಫುಟ್‌ಪಾತೇ ಇಷ್ಟ’ ಎಂದು ಚಿತ್ರದುರ್ಗದಲ್ಲಿ ಬಹಳ ಮಂದಿ ಹೇಳುತ್ತಾರೆ. ಇರಲಿ, ಇಷ್ಟವೇ ಎಂದು ಅವರನ್ನು ಕೇಳಿದವರು ಯಾರು? ನನಗೆ ಗೊತ್ತಿರುವವರು ಒಬ್ಬರೇ, ನಗರಸಭೆಯ ಆಶ್ರಯ ಕೇಂದ್ರ ನೋಡಿಕೊಳ್ಳುತ್ತಿದ್ದ ಅಕ್ಕ. ಯಾರೇ ಬಂದರೂ ಸೆರಗಿನಿಂದ ಮಂಚ ಒರೆಸಿ, “ಮೊದ್ಲು ಕುಂತ್ಕಳ್ರಿ, ಆಮೇಲೆ ಮಾತು” ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಜವನಗೊಂಡನಹಳ್ಳಿ ಕಡೆಯ ಕುರಿಗಾಹಿ ಅಜ್ಜನೊಬ್ಬ ಕೆಮ್ಮುತ್ತ ಬಸ್ ನಿಲ್ದಾಣದಲ್ಲೇ ಮಲಗುತ್ತಿದ್ದ. ಕುರಿಗಳೆಲ್ಲ ಹೋಗಿ ಅವನ ಪಾಲಿಗೆ ನಾಯಿಯೊಂದೇ ಉಳಿದಿತ್ತು. ಕೇಂದ್ರದೊಳಗೆ ನಾಯಿಗೆ ಪ್ರವೇಶವಿಲ್ಲ. ಅಕ್ಕ ಹೋಗಿ ಕರೆದಾಗ ನಾಯಿಯ ತಲೆ ಸವರುತ್ತ, “ಇವನು ಕಾಯದೆ ನಂಗೆ ನಿದ್ದೆ ಎಲ್ಲಿ ಬರ್ತೈತವ್ವ?” ಎಂದ. ಅಕ್ಕ ನಾಯಿಯನ್ನು ಕಿಟಕಿಯ ಹೊರಗೆ ಕೂರಿಸಿ, ಅದರ ಹಗ್ಗವನ್ನು ಸರಳುಗಳ ನಡುವಿನಿಂದ ಒಳಗೆಳೆದು ಅಜ್ಜನ ಕೈಗೆ ಕೊಟ್ಟರು. ಅಂದಿನಿಂದ ಅವನು ಒಳಗೇ ಮಲಗಿದ.

ಒಂದು ಬೆಳಿಗ್ಗೆ ನಾನು ಹೊದಿಕೆ ಕೊಡಲು ಹೋದಾಗ ನಗರಸಭೆಯ ಅಧಿಕಾರಿಯೊಬ್ಬರು ಬಂದಿದ್ದರು. ಹಗ್ಗ ನೋಡಿ, “ಏನಮ್ಮ, ಇದು ಕೇಂದ್ರನೋ ಕುರಿಹಟ್ಟಿಯೋ? ನಿಯಮ ಗೊತ್ತಿಲ್ವ?” ಎಂದು ಗದರಿದರು. ಅಜ್ಜ ಕಂಬಳಿ ಮಡಚತೊಡಗಿದ.

ಅಕ್ಕ ಸೆರಗಿನಿಂದ ಪಕ್ಕದ ಮಂಚ ಒರೆಸಿದರು.

“ಮೊದ್ಲು ಕುಂತ್ಕಳ್ರಿ ಸಾರ್. ನಾಯಿ ಹೊರಗೈತೆ, ಅಜ್ಜ ಒಳಗವ್ನೆ. ಈಗ ಯಾರನ್ನ ಆಚೆ ಕಳಿಸ್ಲಿ, ನೀವೇ ಹೇಳ್ರಿ?”