ಗೇಟು ಹಾಕ್ಕೊಂಡು ಹೋಗುವ ಊರು

ಡಲ್ಲಾಸಿನಲ್ಲಿ ಓದುವಾಗ ಭಾನುವಾರದ ನನ್ನ ಊಟ ಪಕ್ಕದ ಫ್ರಿಸ್ಕೋದಲ್ಲಿ, ಧಾರವಾಡದ ಡಾಕ್ಟರ್ ಅಂಕಲ್ ಮನೆಯಲ್ಲಿ. ಅಂಕಲ್ ಇಂಗ್ಲೆಂಡಿನ ಪುಟ್ಟ ಹಳ್ಳಿಯೊಂದರಲ್ಲಿ ವರ್ಷಗಟ್ಟಲೆ ಇದ್ದು ಆಗಷ್ಟೇ ಟೆಕ್ಸಸ್ಸಿಗೆ ಬಂದಿದ್ದರು. ಬಂದದ್ದು ದೇಹ ಮಾತ್ರ. ಅಲ್ಲಿನ ಚರ್ಚು, ಪಬ್ಬು, ಅಂಚೆಚೀಟಿಯ ಜೊತೆ ಆಲೂಗಡ್ಡೆಯನ್ನೂ ಮಾರುವ ಅಂಗಡಿ, ಎಲ್ಲ ನನಗೆ ಬಾಯಿಪಾಠ. ಅವರು ಕೈ ತೊಳೆಯಲು ಎದ್ದರೆ ಸಾಕು, ಆಂಟಿಯನ್ನು ನಗಿಸಲು ಅವರದೇ ದನಿಯಲ್ಲಿ ನಾನು ಶುರು:

“ಅಲ್ಲೆ ಯಾರ ಹೊಲದಾಗರೆ ಅಡ್ಯಾಡಬಹುದಿತ್ತೋ ತಮ್ಮಾ. ಗೇಟ್ ಮಾತ್ರ ಹಾಕ್ಕೊಂಡ ಹೋಗಬೇಕು!”

ಆಂಟಿ ಆ ದಿನ ನಗಲಿಲ್ಲ. “ಇಲ್ಲೆ ನಡ್ಯಾಕ ಜಾಗಾನ ಇಲ್ಲ, ವಾಪಸ್ ಹೋಗೂಣು ಅನ್ನಾಕತ್ತಾರ. ಅಲ್ಲೆ ಆ ಮಳ್ಯಾಗ ನಂದೊಂದು ಬದನಿಕಾಯಿ ಬಿಡಲಿಲ್ಲೋ.” ಕಿಟಕಿಯಲ್ಲಿ ಪೇಪರ್ ಕಪ್ಪುಗಳ ತುಂಬ ಬದನೆ ಸಸಿ. “ಇವನ್ನ ನೆಲಕ್ಕ ಹಚ್ಚಲೋ ಬ್ಯಾಡೋ? ಅವರ ಜೋಡಿ ಹೋಗು. ಹೆಂಗರೆ ಮಾಡಿ ಒಂದು ದಾರಿ ಹುಡುಕಿಕೊಡು.”

ರಬ್ಬರ್ ಬೂಟು, ಊರುಗೋಲು ಸಮೇತ ಅಂಕಲ್ ಉರಿಬಿಸಿಲಿಗಿಳಿದರು. ಯಾರೋ ಕಾರು ನಿಲ್ಲಿಸಿ, ನಿಮ್ಮ ಗಾಡಿ ಕೆಟ್ಟಿದೆಯೇ ಎಂದು ಮರುಗಿದರು. ಬಡಾವಣೆ ಮುಗಿದಲ್ಲಿ ತಂತಿಬೇಲಿ, ಒಂದು ಗೇಟು, ಆಚೆ ದನಗಳು. ಅಂಕಲ್ ಗೇಟು ತೆಗೆದೇಬಿಟ್ಟರು.

“ಅಂಕಲ್, ಇಲ್ಲಿ ಗನ್ ಇಟ್ಕೊಂಡಿರ್ತಾರೆ!”

“ನಾವೇನ ಕದಿಯಾಕ ಬಂದೇವೇನೋ? ನಡಿ.” ಗೇಟು ಮುಚ್ಚಿ, ಚಿಲಕ ಹಾಕಿ, ಅಲ್ಲಾಡಿಸಿ ನೋಡಿದರು.

ಸ್ವಲ್ಪ ದೂರ ನಡೆದಿದ್ದೆವು. ಪಿಕಪ್ ಟ್ರಕ್ಕೊಂದು ಧೂಳೆಬ್ಬಿಸುತ್ತ ಬಂತು. ಹ್ಯಾಟು ಹಾಕಿದ ಮುದುಕ ಇಳಿದು, ಒಂದೊಂದು ಪದವನ್ನೂ ಚೂಯಿಂಗ್ ಗಮ್ಮಿನಂತೆ ಎಳೆದು, ಇಲ್ಲೇನು ಕೆಲಸ ಎಂದ. ಹೆದರಿದಾಗ ನನ್ನ ನಾಲಿಗೆ ಎದುರಿನವರ ಪಾಲಾಗುತ್ತದೆ. “ಸುಮ್ನೆ ವಾಕಿಂಗು ಸಾರ್” ಎಂಬುದನ್ನು ಅವನ ರಾಗದಲ್ಲೇ ಎಳೆದುಬಿಟ್ಟೆ.

“ಅಣಕಿಸ್ತೀಯಾ?”

ಅಂಕಲ್ ನಡುವೆ ಬಂದು, ಜ್ವರದ ರೋಗಿಗೆ ಹೇಳುವಂತೆ ಹೇಳಿದರು, “ಗೇಟು ಹಾಕಿದ್ದೇವೆ.”

ಮುದುಕ ಗೇಟಿನತ್ತ ನೋಡಿದ. “ಆ ಹೊಸ ಮನೆಗಳವರಲ್ಲಿ ಗೇಟು ಹಾಕಿದವನು ನೀನೇ ಮೊದಲು. ಉಳಿದವರು ತೆರೆದಿಟ್ಟು ಹೋಗಿ ನನ್ನ ದನಗಳು ರಸ್ತೆಪಾಲು. ನೀನು ಬೇಕಾದಾಗ ಬಂದು ನಡಿ. ಇವನನ್ನು ಮಾತ್ರ ಕರೆತರಬೇಡ.”

ಮನೆಗೆ ಬಂದು ಬೂಟು ಕಳಚುತ್ತ ಅಂಕಲ್ ತೀರ್ಪು ಕೊಟ್ಟರು: “ಇಲ್ಲಿ ದನಕ್ಕ ಅಲ್ಲಿಯಷ್ಟು ಮರ್ಯಾದಿ ಇಲ್ಲ. ಮುಂದಿನ ವಾರ ಆ ಕಡೆ ಕೆರಿತನಕ ಹೋಗಿ ನೋಡಬೇಕು.”

ಆಂಟಿಗೆ ‘ಮುಂದಿನ ವಾರ’ವೊಂದೇ ಕೇಳಿಸಿತು. ಸಸಿಗಳ ಕಪ್ಪುಗಳನ್ನೆತ್ತಿಕೊಂಡು, ನನ್ನ ಕೈಗೆ ಸಲಿಕೆ ಕೊಟ್ಟರು. “ಥೇಟ್ ನಮ್ಮ ಧಾರವಾಡದ ಕರಿ ಎರಿಮಣ್ಣ ಐತಿ. ಅಗಿ.”

ಹಿತ್ತಲಲ್ಲಿ ನಾನು ಬೆವರುತ್ತಿದ್ದಾಗ ಒಳಗಿಂದ ನನ್ನದೇ ದನಿ ಕೇಳಿಸಿತು. ಅಂಕಲ್ ನಾನಾಗಿ ಆ ಮುದುಕನಿಗೆ ಉತ್ತರ ಕೊಡುತ್ತಿದ್ದರು. ನನಗಿಂತ ಚೆನ್ನಾಗಿ ನಡುಗುತ್ತಿದ್ದರು. ಆಂಟಿ ಬಿದ್ದು ಬಿದ್ದು ನಗುತ್ತಿದ್ದರು.