ಅತ್ತೆಯ ಕೆಂಪು ದಾರ

ನಮ್ಮತ್ತೆ ಮೂವತ್ತು ವರ್ಷ ಲಾಂಡ್ರಿಯಲ್ಲಿ ದುಡಿದವರು. ಬಣ್ಣ ಬಿಡುವ ಬಟ್ಟೆ ಬಂದರೆ ಕಾಲರಿಗೆ ಕೆಂಪು ದಾರ ಕಟ್ಟಿ ಬೇರೆ ತೊಟ್ಟಿಗೆ ಹಾಕುವುದು ಅವರ ಕೆಲಸ. ತಮ್ಮ ಕೈಯಲ್ಲಿ ಒಂದು ಬಿಳಿ ಅಂಗಿಯೂ ಹಾಳಾಗಿಲ್ಲ ಎಂದು ದಿನಕ್ಕೆರಡು ಸಲ ಹೇಳುತ್ತಾರೆ. ಕೇಳುವವರಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಗೆ ಹೇಳುತ್ತಾರೆ.

ನಾನು ಮಗುವನ್ನೆತ್ತಿಕೊಂಡು ಆಸ್ಪತ್ರೆಯಿಂದ ಬಂದ ಮರುದಿನ ಅವರು ನನ್ನ ಫೈಲು ಓದಿದರು. ಹೆಪಟೈಟಿಸ್ ಬಿ. ಕರೆಯದೆ ಬಂದ ನೆಂಟನಂತೆ ವರ್ಷಗಳಿಂದ ನನ್ನ ಲಿವರಿನಲ್ಲಿ ಕೂತಿರುವ ವೈರಸ್. ಸಂಜೆಯೊಳಗೆ ನನ್ನ ಲೋಟ, ತಟ್ಟೆ, ಟವೆಲ್ಲಿಗೆಲ್ಲ ಕೆಂಪು ದಾರ ಬಿತ್ತು. ನನ್ನ ಕುತ್ತಿಗೆಗೊಂದು ಕಟ್ಟಲು ಮರೆತರೋ ಏನೋ.

ಆಮೇಲೆ ಪುಡಿಹಾಲಿನ ಡಬ್ಬ ಬಂತು.

"ಎದೆಹಾಲು ಬೇಡಮ್ಮ. ರೋಗ ಹಾಲಲ್ಲಿ ಇಳಿಯುತ್ತೆ."

"ಮಗು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಎರಡು ತೊಡೆಗೂ ರೋಗ ತಡೆಯೋ ಸೂಜಿ ಹಾಕಿದ್ದಾರೆ ಅತ್ತೆ. ಹಾಲು ಕೊಡಬಹುದು ಅಂತ ಡಾಕ್ಟರೇ ಹೇಳಿದ್ದಾರೆ."

"ಡಾಕ್ಟರು ಬಟ್ಟೆ ಒಗೆದಿದ್ದಾರಾ?"

ಈ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ನನ್ನ ಗಂಡ ಮಹಾ ಧೀರ. ಆ ಕ್ಷಣವೇ ಸ್ನಾನಕ್ಕೆ ಹೋದ.

ಎರಡು ದಿನ ಅತ್ತೆಯೇ ಬಾಟಲಿ ಹಿಡಿದರು. ಕೂಸು ಮುಖ ತಿರುಗಿಸಿ ಅರಚಿತು. ಇತ್ತ ಹಾಲು ಕಟ್ಟಿ ನನ್ನೆದೆ ಕಲ್ಲಾಯಿತು. ಹೀಗೇ ಬಿಟ್ಟರೆ ಹಾಲೇ ಬತ್ತೀತೆಂದು ಹೆದರಿ, ಮನೆ ಮನೆಗೆ ಬರುವ ನರ್ಸಕ್ಕನನ್ನು ಕರೆಸಿದೆ.

"ಎದೆಹಾಲಿಂದ ಇದು ಹರಡಲ್ಲ, ಮಗೂಗೆ ಉಳಿದ ಡೋಸ್ ಮಾತ್ರ ತಪ್ಪಿಸ್ಬೇಡಿ," ಎಂದರು ಅವರು. "ತೊಟ್ಟು ಒಡೆದು ರಕ್ತ ಬಂದ್ರೆ ನಂಗೆ ಹೇಳಮ್ಮ. ಲೋಟ, ತಟ್ಟೆಯಿಂದೇನೂ ಆಗಲ್ಲ. ಬ್ಲೇಡು, ಹಲ್ಲುಜ್ಜೋ ಬ್ರಷ್ಷು ಬೇರೆ ಇದ್ರೆ ಸಾಕು. ಅದಿರ್ಲಿ, ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ."

ಅತ್ತೆ ಸೆರಗು ಸರಿಸಿ ಮೊದಲು ತೋಳು ಚಾಚಿದರು. "ತಗೊಳ್ಳಿ. ಬಿಳಿ ಬಟ್ಟೆ ಹೇಗಿರುತ್ತೆ ಅಂತ ಎಲ್ಲರೂ ನೋಡ್ಲಿ."

ವರದಿ ಬರುವ ತನಕ ನಾನು ಚಿಲಕ ಹಾಕಿಕೊಂಡು ಕಳ್ಳಿಯಂತೆ ಹಾಲು ಕೊಟ್ಟೆ. ಅತ್ತೆ ಹೊರಗೆ ನಿಂತು ಬಾಗಿಲು ಬಡಿದರು.

ಮೂರನೆಯ ದಿನ ನರ್ಸಕ್ಕ ಕಾಗದ ತಂದರು. ಗಂಡನಿಗೆ ಏನೂ ಇಲ್ಲ. ಅತ್ತೆಗೆ ಇದೆ.

"ಎಷ್ಟು ವರ್ಷದಿಂದಲೋ ಗೊತ್ತಾಗಲ್ಲ," ಎಂದರು ನರ್ಸಕ್ಕ.

ಅತ್ತೆಯ ದನಿ ಬಿರುಕುಬಿಟ್ಟಿತು. "ನಾನು ಮೂರು ಮಕ್ಕಳಿಗೆ ಹಾಲು ಕೊಟ್ಟಿದ್ದೀನಲ್ಲಮ್ಮ..."

"ಹಾಲಿನ ಚಿಂತೆ ಬಿಡಿ. ತಾಯಿಯಿಂದ ಇದು ಅಂಟೋದು ಹೆರಿಗೇಲಿ. ಆಗ ಹುಟ್ಟಿದ ಕೂಡ್ಲೇ ಹಾಕೋ ಸೂಜಿ ಇರ್ಲಿಲ್ಲ, ಉಳಿದ ಇಬ್ರಿಗೂ ಪರೀಕ್ಷೆ ಮಾಡ್ಸಿ. ನೀವೂ ಡಾಕ್ಟರಿಗೆ ತೋರಿಸ್ತಾ ಇರಿ."

ವಾರದಿಂದ ಮಸೆದಿಟ್ಟ ಮಾತೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಕೆಂಪು ದಾರ ಹರಿದು ತಮ್ಮ ಲೋಟಕ್ಕೇ ಕಟ್ಟತೊಡಗಿದರು. ಮೂವತ್ತು ವರ್ಷ ಕಟ್ಟಿದ ಗಂಟು ಎರಡು ಸಲ ಜಾರಿತು. ಹಾಳಾದ ಮಾತನ್ನು ಅಲ್ಲೇ ಬಿಟ್ಟೆ. ಲೋಟ ಕಿತ್ತುಕೊಂಡು ಅವರು ಅರ್ಧ ಕುಡಿದಿಟ್ಟಿದ್ದ ಚಹಾವನ್ನು ಗಟಗಟ ಕುಡಿದೆ. ತಣ್ಣಗಿತ್ತು, ಸಕ್ಕರೆಯೂ ಇರಲಿಲ್ಲ. ತ್ಯಾಗವೆಂದರೆ ಇದೇ ಇರಬೇಕು.

"ಬಣ್ಣ ಬಿಡಲ್ಲ ಅತ್ತೆ," ಎಂದೆ.

ತೊಟ್ಟಿಲಲ್ಲಿ ಮಗು ಅತ್ತಿತು. ಬಾಟಲಿ ಅತ್ತೆಯ ಕೈಗೆಟುಕುವಲ್ಲೇ ಇತ್ತು. ಅವರು ಅದನ್ನು ಬದಿಗೆ ಸರಿಸಿ, ಕೂಸನ್ನೆತ್ತಿ ನನ್ನ ಮಡಿಲಿಗೆ ಹಾಕಿದರು.

"ಹಸಿದು ಅಳ್ತಿದ್ರೆ ನೋಡ್ತಾ ಕೂತಿದ್ದೀಯಲ್ಲೇ! ಕೊಡು ಬೇಗ," ಎಂದು ನನ್ನನ್ನೇ ಗದರಿದರು.